ಮೋಕ್ಷಿತಾ ಹೇಳಿದ ಸುಳ್ಳು

ವೆಂಕಟಲಕ್ಷ್ಮಿ ಟೀಚರು ಆ ಪಾಠವನ್ನು ಮಾಡುತ್ತಿದ್ದದ್ದು ಇಪ್ಪತ್ತನಾಲ್ಕನೆಯ ಸಲ. ಪ್ಲಸ್ ಟು ತರಗತಿಯ ಪ್ರಾಣಿಶಾಸ್ತ್ರದಲ್ಲಿ ಮನುಷ್ಯನ ಸಂತಾನೋತ್ಪತ್ತಿಯ ಅಧ್ಯಾಯ ಮಳೆ ಜೋರಾಗುವ ಹೊತ್ತಿಗೆ ಬರುತ್ತದೆ. ಮೊದಲನೆಯ ದಿನ ಗಂಡಸಿನ ಅಂಗಗಳು: ವೃಷಣ, ಅಲ್ಲಿಂದ ಮೇಲೆ ಹತ್ತಿ ಬಳಸಿಕೊಂಡು ಬರುವ ನಾಳ, ಪ್ರಾಸ್ಟೇಟ್ ಗ್ರಂಥಿ. ಎರಡನೆಯ ದಿನ ಹೆಂಗಸಿನವು. ನಡುವೆ ಗರ್ಭಕೋಶ, ಅದರ ಎರಡು ಬದಿಗೆ ಚಾಚಿದ ನಾಳಗಳು, ನಾಳಗಳ ತುದಿಯ ಹತ್ತಿರ ಬಾದಾಮಿ ಗಾತ್ರದ ಅಂಡಾಶಯಗಳು. ಬೋರ್ಡಿನ ಮೇಲೆ ಈ ಚಿತ್ರವನ್ನು ಅವರು ಕಣ್ಣು ಮುಚ್ಚಿ ಬಿಡಿಸಬಲ್ಲರು. ಕೆಲವೊಮ್ಮೆ ನಿದ್ದೆ ತೂಗುತ್ತಿದ್ದರೂ ಕೈ ತನ್ನಷ್ಟಕ್ಕೆ ಬಿಡಿಸಿ ಮುಗಿಸುತ್ತಿತ್ತು.

ಅವರಿಗೆ ಐವತ್ತನಾಲ್ಕು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡಿನ ಮಾತ್ರೆ, ಆಮೇಲೆ ಅಡುಗೆ, ಆಮೇಲೆ ಮುಳ್ಳೇರಿಯದ ಬಸ್ಸು, ಆಮೇಲೆ ಮಂಡಿನೋವಿನ ಮೇಲೆ ದಿನಕ್ಕೆ ಐದು ಪೀರಿಯಡ್. ರಾತ್ರಿ ಮೈ ಇದ್ದಕ್ಕಿದ್ದಂತೆ ಬಿಸಿಯಾಗಿ ಎಚ್ಚರವಾಗುತ್ತಿತ್ತು, ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಈ ಪಾಠದ ದಿನಗಳಲ್ಲಿ ದಣಿವು ಇನ್ನೂ ಹೆಚ್ಚು. ಪುಸ್ತಕ ಇಂಗ್ಲಿಷಿನದು, ವಿವರಣೆ ಕನ್ನಡದಲ್ಲಿ, ಮಕ್ಕಳು ಮನೆಯಲ್ಲಿ ಆಡುವುದು ತುಳು. ಯಾವ ಭಾಷೆಯಲ್ಲಿ ಹೇಳಿದರೂ ಹುಡುಗಿಯರ ತಲೆ ಮೇಲೇಳುವುದಿಲ್ಲ, ಹಿಂದಿನ ಬೆಂಚಿನ ಹುಡುಗರಿಗೆ ಕೆಮ್ಮು ಬರುತ್ತದೆ. ಯಾರೂ ಪ್ರಶ್ನೆ ಕೇಳುವುದಿಲ್ಲ. ಪರೀಕ್ಷೆಯಲ್ಲಿ ಎಲ್ಲರೂ ಚಿತ್ರ ಬಿಡಿಸಿ ಹೆಸರು ಬರೆದು ಅಂಕ ತೆಗೆದುಕೊಂಡು ಹೋಗುತ್ತಾರೆ.

ಆ ವರ್ಷ ಒಬ್ಬಳು ಪ್ರಶ್ನೆ ಕೇಳಿದಳು. ತರಗತಿಯಲ್ಲಲ್ಲ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ, ಉಳಿದ ಟೀಚರುಗಳು ಕೈ ತೊಳೆಯಲು ಹೋಗಿದ್ದಾಗ. ಮೋಕ್ಷಿತಾ ಎಂದು ಹೆಸರು. ಕಾರಡ್ಕದ ಕಡೆಯವಳು. ತಂದೆ ಬೋಜ ಪಿಕಪ್ ಓಡಿಸುತ್ತಿದ್ದ, ತಾಯಿ ಪ್ರೇಮಾವತಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಓದಿನಲ್ಲಿ ಮಧ್ಯಮ, ಮಾತಿನಲ್ಲಿ ಕಮ್ಮಿ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದಳು.

"ಟೀಚರ್, ಪುಸ್ತಕದಲ್ಲಿ ಹನ್ನೆರಡು ಹದಿಮೂರಕ್ಕೆ ಶುರು ಆಗ್ತದೆ ಅಂತ ಉಂಟಲ್ಲ. ಹದಿನೇಳಾದ್ರೂ ಬರದಿದ್ರೆ ಎಂತ ಆಗಿರ್ತದೆ?"

"ಯಾರಿಗೆ?"

ಹುಡುಗಿ ಬಾಗಿಲಿನ ಕಡೆ ಒಮ್ಮೆ ನೋಡಿದಳು.

"ನನಗೆ."

ಟೀಚರಿಗೆ ಇದು ಅರ್ಥವಾಗಲಿಲ್ಲ. ಯಾಕೆಂದರೆ ತಿಂಗಳಿಗೊಮ್ಮೆ ಹೊಟ್ಟೆನೋವೆಂದು ಆಟದ ಪೀರಿಯಡ್ ತಪ್ಪಿಸಿ ತರಗತಿಯಲ್ಲೇ ಕೂರುವ ಹುಡುಗಿಯರಲ್ಲಿ ಇವಳೂ ಒಬ್ಬಳು. ಅದನ್ನೇ ಕೇಳಿದರು. ಆಗ ಮೋಕ್ಷಿತಾ ತಗ್ಗಿದ ದನಿಯಲ್ಲಿ, ಯಾವುದೋ ಪಾಠ ಒಪ್ಪಿಸುವವಳ ಹಾಗೆ, ಎಲ್ಲವನ್ನೂ ಹೇಳಿದಳು.

ಅವಳಿಗೆ ಹದಿನಾಲ್ಕು ತುಂಬುವ ಹೊತ್ತಿಗೆ ಓರಗೆಯ ಎಲ್ಲ ಹುಡುಗಿಯರೂ ದೊಡ್ಡವರಾಗಿದ್ದರು. ಅವಳಿಗಿಂತ ಎರಡು ವರ್ಷ ಸಣ್ಣವಳಾದ ಚಿಕ್ಕಮ್ಮನ ಮಗಳೂ ಆಗಿದ್ದಳು. ತಂದೆಯ ಅಕ್ಕ, ಅಂದರೆ ಮೋಕ್ಷಿತಾಳ ಮಾಮಿ, ಆಚೆ ಗುಡ್ಡೆಯಲ್ಲೇ ಇದ್ದವಳು, ಬಂದಾಗಲೆಲ್ಲ ಹೊಸ್ತಿಲು ದಾಟುವ ಮೊದಲೇ ಆಯಿತಾ ಎಂದು ಕೇಳುತ್ತಿದ್ದಳು. ಮಾಮಿಗೆ ತನ್ನ ಮಗ ವಿಜೇತನಿಗೆ ಇವಳನ್ನು ತರಬೇಕೆಂಬ ಆಸೆ ಇತ್ತು. ಇಲ್ಲವೆಂದರೆ ಆ ದಿನವಿಡೀ ತಾಯಿಯ ಮುಖ ಸಪ್ಪೆ. ಎಳ್ಳು ಬೆಲ್ಲ ತಿನ್ನಿಸಿದರು, ಪಪ್ಪಾಯಿ ತಿನ್ನಿಸಿದರು, ಜೋಯಿಸರಲ್ಲಿಗೆ ಹೋದರು, ದೈವಕ್ಕೆ ಹರಕೆ ಹೇಳಿದರು. ಪ್ರತಿ ದಿನ ಬೆಳಿಗ್ಗೆ ತಾಯಿ ಹಾಸಿಗೆಯ ಬಟ್ಟೆ ತಿರುವಿ ನೋಡುತ್ತಿದ್ದಳು. ಮಳೆ ಇಳಿಯುವ ಸೋಣ ತಿಂಗಳ ಒಂದು ದಿನ ಶಾಲೆಯಿಂದ ಬಂದಾಗ ಮಾಮಿ ಜಗಲಿಯಲ್ಲಿ ಕೂತಿದ್ದಳು. ಆಯಿತಾ ಎಂದಳು. ಮೋಕ್ಷಿತಾ ಆಯಿತು ಎಂದಳು.

ಅಷ್ಟೇ. ಅದಕ್ಕಾಗಿ ಏನೂ ಯೋಚಿಸಿರಲಿಲ್ಲ. ಕೇಳಿಸಿಕೊಂಡು ಸಾಕಾಗಿತ್ತು, ಬಾಯಿಂದ ಬಂತು. ಐದು ಜನ ಹೆಂಗಸರು ಬಂದು ತಲೆಗೆ ನೀರು ಹಾಕಿದರು, ಅಡಕೆಯ ಹಿಂಗಾರ ಮುಡಿಸಿದರು, ಹೊಸ ಸೀರೆ ಉಡಿಸಿ ಫೋಟೋ ತೆಗೆದರು. ತಾಯಿ ಆ ದಿನ ನಕ್ಕ ಹಾಗೆ ಮತ್ತೆ ನಕ್ಕದ್ದನ್ನು ಅವಳು ನೋಡಿಲ್ಲ. ಆಮೇಲೆ ತಿಂಗಳು ಕಳೆಯಿತು, ಎರಡನೆಯ ಸಲದ ಹೊತ್ತಾಯಿತು. ಮನೆಯಲ್ಲಿ ದೈವದ ಕೋಣೆ ಇದ್ದುದರಿಂದ ಆ ಮೂರು ದಿನ ಒಳಗೆ ಮಲಗುವಂತಿಲ್ಲ. ಜಗಲಿಯ ಪಕ್ಕದಲ್ಲಿ ಬೀಡಿ ಎಲೆಯ ಮೂಟೆ ಇಡುವ ಸಣ್ಣ ಕೋಣೆಯಲ್ಲಿ ಮಲಗಬೇಕು. ಅವಳು ಅಲ್ಲಿಗೆ ಹೋಗಿ ಮಲಗಿದಳು. ಹಾಗೆ ಪ್ರತಿ ತಿಂಗಳು. ದಿನಗಳು ಸರಿಯಾಗಿ ಒಂದೇ ಲೆಕ್ಕಕ್ಕೆ ಬಿದ್ದರೆ ಸಂಶಯ ಬಂದೀತೆಂದು ಒಮ್ಮೆ ಇಪ್ಪತ್ತಾರು ದಿನಕ್ಕೆ, ಒಮ್ಮೆ ಮೂವತ್ತಕ್ಕೆ ಎಂದು ಅವಳೇ ಗೊತ್ತು ಮಾಡುತ್ತಿದ್ದಳು. ಏನೂ ಆಗದ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬಚ್ಚಲಿನ ಒಲೆಗೆ ಹಾಕುತ್ತಿದ್ದಳು. ಚಿಕ್ಕಮ್ಮನ ಹೊಸ ಮನೆಯ ಒಕ್ಕಲಿನ ದಿನ ಲೆಕ್ಕ ತಪ್ಪಿ ತನ್ನ ಸರದಿ ಬಂದು, ಎಲ್ಲರೂ ಹೋದಾಗ ಒಬ್ಬಳೇ ಮನೆಯಲ್ಲಿ ಉಳಿದಿದ್ದಳು.

"ಮೂರು ವರ್ಷ ಆಗ್ತಾ ಬಂತು ಟೀಚರ್," ಎಂದಳು. "ನನಗೆ ಈಗ ಬಚ್ಚಿ ಹೋಗಿದೆ."

ಬಚ್ಚುವುದೆಂದರೆ ದಣಿಯುವುದು, ತುಳುವಿನ ಮಾತು. ಹದಿನೇಳರ ಹುಡುಗಿಯ ಬಾಯಲ್ಲಿ ಅದನ್ನು ಕೇಳಿ, ನಿಜ ಹೇಳಬೇಕೆಂದರೆ, ಟೀಚರಿಗೆ ಮೊದಲು ಅನಿಸಿದ್ದು, ಇವಳು ಇದನ್ನು ಬೇರೆ ಯಾರಲ್ಲಾದರೂ ಹೇಳಬಾರದಿತ್ತೇ ಎಂದು. ಡಾಕ್ಟರಿಗೆ ತೋರಿಸಲೇಬೇಕು, ಅಮ್ಮನಿಗೆ ಹೇಳು ಎಂದರು. ಹುಡುಗಿ ಆಗುವುದಿಲ್ಲ ಎಂದಳು. ಹಾಗಾದರೆ ನಾನು ಹೇಳುತ್ತೇನೆ ಎಂದರು. ಸುಳ್ಳು ಹೇಳಿದ್ದೆಂದು ಮಾತ್ರ ಹೇಳಬೇಡಿ, ಬರುತ್ತಿದ್ದದ್ದು ನಿಂತಿದೆ ಎಂದು ಹೇಳಿ ಎಂದು ಬೇಡಿಕೊಂಡಳು. ಗಂಟೆ ಹೊಡೆಯಿತು. ಟೀಚರು ಆಗಲಿ ಎಂದು ತಲೆಯಾಡಿಸಿದರು.

ಮತ್ತೆ ಹತ್ತೊಂಬತ್ತು ದಿನ ಅವರು ಏನೂ ಮಾಡಲಿಲ್ಲ. ಕಲೆಕ್ಟರರು ಮಳೆಯ ರಜೆ ಕೊಟ್ಟರು, ತಪ್ಪಿದ ತರಗತಿಗಳನ್ನು ಶನಿವಾರ ತುಂಬಿಸಬೇಕಾಯಿತು, ಪ್ರಾಕ್ಟಿಕಲ್ ರೆಕಾರ್ಡುಗಳು ಮೇಜಿನ ಮೇಲೆ ರಾಶಿ ಬಿದ್ದವು. ಮೋಕ್ಷಿತಾ ಮತ್ತೆ ಬಂದು ಕೇಳಲೂ ಇಲ್ಲ. ಒಂದು ಗುರುವಾರ ಆಟದ ಪೀರಿಯಡ್ಡಿನಲ್ಲಿ ಅವಳು ತರಗತಿಯಲ್ಲಿ ಒಬ್ಬಳೇ ಬೆಂಚಿನ ಮೇಲೆ ತಲೆ ಇಟ್ಟು ಕೂತದ್ದನ್ನು ಕಿಟಕಿಯಿಂದ ಕಂಡರು. ಈ ತಿಂಗಳ ಸರದಿ. ಅವರು ಸ್ಟಾಫ್ ರೂಮಿಗೆ ಹೋಗಿ ಪ್ರೇಮಾವತಿಗೆ ಫೋನು ಮಾಡಿದರು. ಮಗಳಿಗೆ ತಿಂಗಳದ್ದು ಸರಿ ಇಲ್ಲವಂತೆ, ಕಾಸರಗೋಡಿನಲ್ಲಿ ಒಳ್ಳೆಯ ಡಾಕ್ಟರು ಇದ್ದಾರೆ, ನಾನೂ ಜೊತೆಗೆ ಬರುತ್ತೇನೆ ಎಂದರು. ಪ್ರೇಮಾವತಿ ಗಾಬರಿಯಾಗಲಿಲ್ಲ. ಈಗಿನ ಹುಡುಗಿಯರಿಗೆಲ್ಲ ಅದು ಉಂಟಲ್ಲ ಎಂದಳು. ಆದರೆ ಟೀಚರು ಬರುವುದು ಉಪಕಾರ, ಆ ಆಸ್ಪತ್ರೆಯಲ್ಲಿ ಎಲ್ಲ ಮಲಯಾಳ, ತನಗೆ ಅರ್ಧಂಬರ್ಧ ತಿಳಿಯುವುದು ಎಂದಳು.

ಸೋಮವಾರ ಮೂವರೂ ಹೋದರು. ಚೀಟಿ ಮಾಡಿಸಿ, ಬೆಂಚಿನಲ್ಲಿ ಎರಡು ಗಂಟೆ ಕೂತು ಕಾದರು. ಪ್ರೇಮಾವತಿ ನಲವತ್ತರ ಹೆಂಗಸು, ಸಪೂರ, ಬೀಡಿ ಸುತ್ತಿ ಸುತ್ತಿ ಬೆರಳ ತುದಿ ಕಪ್ಪಾಗಿತ್ತು. ಮಗಳ ಜಡೆಯ ತುದಿ ಬಿಚ್ಚಿಹೋದದ್ದನ್ನು ಕಂಡು ಅಲ್ಲಿಯೇ ಮತ್ತೆ ಹೆಣೆದು ಕೊಟ್ಟಳು. ಟೀಚರು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು, ನಿದ್ದೆ ಬಂದಿರಲಿಲ್ಲ.

ಡಾಕ್ಟರು ತೆಂಕಣ ಕೇರಳದ ಕಡೆಯ ಚಿಕ್ಕ ವಯಸ್ಸಿನ ಹೆಂಗಸು. ಮಾತು ಬಲು ವೇಗ. ಟೀಚರು ಅದನ್ನು ಕನ್ನಡ ಮಾಡಿ ಪ್ರೇಮಾವತಿಗೆ ಹೇಳಬೇಕು, ಅವಳು ಹೇಳಿದ್ದನ್ನು ಮಲಯಾಳ ಮಾಡಿ ಡಾಕ್ಟರಿಗೆ ಹೇಳಬೇಕು. ವಯಸ್ಸೆಷ್ಟು, ತೂಕವೆಷ್ಟು, ಬೇರೆ ಕಾಯಿಲೆ ಉಂಟಾ ಎಂದು ಕೇಳಿದ ಮೇಲೆ ಡಾಕ್ಟರು, ಮೊದಲ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಿದರು.

"ಒಂಬತ್ತನೇ ಕ್ಲಾಸಿನಲ್ಲಿ, ಸೋಣ ತಿಂಗಳು," ಎಂದಳು ಪ್ರೇಮಾವತಿ. "ಐದು ಜನ ಕರೆದು ನೀರು ಹಾಕಿದ್ದೇವೆ, ಹೇಳಿ ಟೀಚರೇ. ಫೋಟೋ ಸಹ ಉಂಟು."

ಟೀಚರು ಹೇಳಲಿಲ್ಲ. ಹೇಳಿದರೆ ಡಾಕ್ಟರು ಬರೆದುಕೊಳ್ಳುತ್ತಾರೆ, ಬರೆದುಕೊಂಡ ಮೇಲೆ ಚಿಕಿತ್ಸೆ ಬೇರೆಯೇ ದಾರಿ ಹಿಡಿಯುತ್ತದೆ. ನಿಜ ಹೇಳಿದರೆ ಹುಡುಗಿಗೆ ಕೊಟ್ಟ ಮಾತು ಮುರಿದ ಹಾಗೆ. ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. ಹೊರಗೆ ಯಾರದೋ ನಂಬರು ಕೂಗಿದರು.

ಆಗ ಮೋಕ್ಷಿತಾ ತಾಯಿಯ ಕಡೆ ತಿರುಗದೆ ತುಳುವಿನಲ್ಲಿ, "ಬೈದಿಜಿ ಅಮ್ಮ," ಎಂದಳು. ಬಂದಿಲ್ಲ. ಇವತ್ತಿನವರೆಗೆ ಒಮ್ಮೆಯೂ ಬಂದಿಲ್ಲ, ತಾನು ಸುಳ್ಳು ಹೇಳಿದ್ದು ಎಂದಳು.

ಪ್ರೇಮಾವತಿ ಮಗಳನ್ನು ನೋಡಿದಳು, ಟೀಚರನ್ನು ನೋಡಿದಳು. ಟೀಚರಿಗೆ ಮೊದಲೇ ಗೊತ್ತಿತ್ತೆಂಬುದು ಆ ಒಂದು ನೋಟದಲ್ಲೇ ಅವಳಿಗೆ ತಿಳಿಯಿತು. ಮಡಿಲಲ್ಲಿದ್ದ ಕೊಡೆಯನ್ನು ಮೆಲ್ಲಗೆ ನೆಲದ ಮೇಲೆ ಇಟ್ಟಳು. ಟೀಚರು ಡಾಕ್ಟರಿಗೆ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದರು. ಡಾಕ್ಟರು ಬೇರೇನೂ ಕೇಳದೆ ಹುಡುಗಿಯನ್ನು ಪರದೆಯ ಆಚೆ ಕರೆದುಕೊಂಡು ಹೋಗಿ ಪರೀಕ್ಷಿಸಿದರು, ಹೊರಬಂದು ರಕ್ತ ಪರೀಕ್ಷೆಗೂ ಸ್ಕ್ಯಾನಿಂಗಿಗೂ ಬರೆದುಕೊಟ್ಟರು.

ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿದು ಕಾಯಬೇಕು. ಮೋಕ್ಷಿತಾ ಬಾಟ್ಲಿಯಿಂದ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಪ್ರೇಮಾವತಿ ಪಕ್ಕದಲ್ಲಿ ಕೂತು, ಬಾಟ್ಲಿ ಖಾಲಿಯಾದಾಗ ಎದ್ದು ಹೋಗಿ ತುಂಬಿಸಿ ತಂದಳು. ಮೂರು ಸಲ ತಂದಳು.

ಸಂಜೆ ನಾಲ್ಕರ ಹೊತ್ತಿಗೆ ಮತ್ತೆ ಡಾಕ್ಟರ ಎದುರು ಕೂತರು. ಡಾಕ್ಟರು ಈಗ ನಿಧಾನಕ್ಕೆ ಮಾತಾಡಿದರು. ಅಂಡಾಶಯ ಎರಡೂ ಇವೆ, ಚೆನ್ನಾಗಿವೆ ಎಂದರು. ಟೀಚರು ಅದನ್ನು ಕನ್ನಡ ಮಾಡಿದರು. ಮೂತ್ರಪಿಂಡಗಳನ್ನೂ ನೋಡಿದ್ದಾರೆ, ಅವೂ ಸರಿ ಇವೆ ಎಂದರು. ಅದನ್ನೂ ಹೇಳಿದರು. ಆಮೇಲೆ ಡಾಕ್ಟರು, "ಗರ್ಭಪಾತ್ರಂ ಇಲ್ಲ," ಎಂದರು.

ಗರ್ಭಪಾತ್ರಂ ಎಂದರೆ ಗರ್ಭಕೋಶ, ಮಲಯಾಳದಲ್ಲಿಯೂ ಇಲ್ಲ ಎಂದರೆ ಇಲ್ಲವೆಂದೇ. ಟೀಚರು ಬಾಯಿ ತೆರೆಯುವ ಮೊದಲು ಪ್ರೇಮಾವತಿ ಕೈ ಎತ್ತಿ ತಡೆದಳು. "ಬೇಡ ಟೀಚರೇ. ಅದು ನನಗೆ ಗೊತ್ತಾಯ್ತು."

ಡಾಕ್ಟರು ಹೇಳುತ್ತಾ ಹೋದರು. ಇದು ಯಾರ ತಪ್ಪೂ ಅಲ್ಲ. ಸುಮಾರು ಐದು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ಇವಳು ಎಲ್ಲ ರೀತಿಯಲ್ಲೂ ಹೆಣ್ಣೇ, ಆರೋಗ್ಯಕ್ಕೆ ಏನೂ ತೊಂದರೆ ಇಲ್ಲ. ಖಚಿತ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆಗೆ ರಕ್ತ ಮಂಗಳೂರಿಗೆ ಹೋಗಬೇಕು. ಮುಂದೆ ದೊಡ್ಡವಳಾಗಿ, ಮದುವೆಯ ಯೋಚನೆ ಬಂದರೆ, ಅವಳೇ ಬೇಕು ಎಂದಾಗ ದಾಂಪತ್ಯಕ್ಕೆ ತಕ್ಕ ಚಿಕಿತ್ಸೆ ಇದೆ. ಹೆರುವುದು ಮಾತ್ರ ಆಗುವುದಿಲ್ಲ. ಟೀಚರು ಒಂದೊಂದನ್ನೂ ಹೇಳಿದರು. ಹೇಳುತ್ತಾ ಅವರಿಗೆ ತನ್ನ ದನಿ ತರಗತಿಯ ದನಿಯಂತೆಯೇ ಕೇಳಿಸಿತು, ತಗ್ಗಿದ ತಲೆಗಳ ಮೇಲಿಂದ ಹೋಗುವ ದನಿ.

ಪ್ರೇಮಾವತಿಗೆ ಕೇಳಲು ಒಂದೇ ಇತ್ತು. ತನ್ನ ತವರು ಗೇರು ತೋಟದ ಬದಿಯಲ್ಲಿ, ಬೆಳ್ಳೂರಿನ ಕಡೆ. ತಾನು ಸಣ್ಣವಳಿರುವಾಗ ಹೆಲಿಕಾಪ್ಟರಿನಲ್ಲಿ ಗೇರು ಮರಕ್ಕೆ ಹುಳದ ಮದ್ದು ಬಿಡುತ್ತಿದ್ದರು, ಬಾವಿಗೂ ಬೀಳುತ್ತಿತ್ತು. ಅದರಿಂದಲಾ? ಡಾಕ್ಟರು, ಹಾಗೆಂದು ಹೇಳಲು ನನ್ನಲ್ಲಿ ಆಧಾರ ಇಲ್ಲ, ಇಂಥ ಮಕ್ಕಳು ಎಲ್ಲ ಊರಿನಲ್ಲೂ ಹುಟ್ಟುತ್ತಾರೆ ಎಂದರು. ಪ್ರೇಮಾವತಿ ಅದನ್ನು ನಂಬಿದಳೋ ಇಲ್ಲವೋ ಟೀಚರಿಗೆ ಗೊತ್ತಾಗಲಿಲ್ಲ.

ವಾಪಸು ಬರುವ ಬಸ್ಸು ಬೋವಿಕ್ಕಾನ ದಾಟಿತು. ಮಳೆಯ ಎರಚಲಿಗೆ ಶಟರು ಇಳಿಸಿದ್ದರಿಂದ ಒಳಗೆ ಕತ್ತಲು, ಸೆಕೆ. ಟೀಚರು ಹಿಂದಿನ ಸೀಟಿನಲ್ಲಿದ್ದರು. ಮುಂದಿನ ಸೀಟಿನಲ್ಲಿ ಪ್ರೇಮಾವತಿ ಮಗಳ ಕಡೆ ಬಾಗಿದ್ದು ಕಂಡಿತು.

"ಹೋದ ವರ್ಷ ಆ ಎಲೆಯ ಕೋಣೆಗೆ ಹಾವು ಬಂದಿತ್ತಲ್ಲ," ಎಂದಳು. "ಆಗಲಾದ್ರೂ ಹೇಳ್ಬಹುದಿತ್ತಲ್ಲ ಮಗಾ. ಮಾರನೇ ದಿನವೂ ಅಲ್ಲೇ ಮಲಗಿದ್ದಿ."

"ಹೇಳಿದ್ರೆ ಪುನಃ ಮೊದಲಿನಿಂದ ಕೇಳ್ಲಿಕ್ಕೆ ಶುರು ಮಾಡ್ತಿದ್ರಿ."

ಪ್ರೇಮಾವತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಳ್ಳೇರಿಯದಲ್ಲಿ ಇಳಿಯುವಾಗ ಟೀಚರ ಕಡೆ ತಿರುಗಿ ನೋಡದೆ ಹೋದಳು. ತನಗೆ ಗೊತ್ತಿದ್ದೂ ಮುಚ್ಚಿಟ್ಟೆನೆಂಬ ಸಿಟ್ಟು ಅವಳಿಗಿದೆ ಎಂದು ಟೀಚರು ಅಂದುಕೊಂಡರು. ಇರಬೇಕಾದದ್ದೇ. ಮನೆಗೆ ಹೋಗಿ, ಗಂಡ ಈಶ್ವರಪ್ರಸಾದರು ಏನಾಯಿತೆಂದು ಕೇಳಿದಾಗ, ಏನಿಲ್ಲ, ಸುಸ್ತು ಎಂದಷ್ಟೇ ಹೇಳಿ ಮಲಗಿಬಿಟ್ಟರು.

ಮಂಗಳೂರಿನ ವರದಿ ಮೂರು ವಾರ ಕಳೆದು ಬಂತು. ಹೊಸದೇನೂ ಇರಲಿಲ್ಲ, ಡಾಕ್ಟರು ಅಂದಾಜು ಮಾಡಿದ್ದೇ ನಿಜ. ಅದಾದ ಮೇಲಿನ ಭಾನುವಾರ ಬೆಳಿಗ್ಗೆ ಪ್ರೇಮಾವತಿ ಟೀಚರ ಮನೆಗೆ ಬಂದಳು. ಒಬ್ಬಳೇ ಬಂದಿದ್ದಳು. ಕೂತುಕೊಳ್ಳಿ ಎಂದರೆ ಜಗಲಿಯ ಅಂಚಿನಲ್ಲಿ ಕೂತಳು. ಕೊಟ್ಟ ಚಹಾ ಕುಡಿದಳು. ಸಿಟ್ಟಿನ ವಿಷಯ ಅವಳೂ ಎತ್ತಲಿಲ್ಲ, ಟೀಚರೂ ಎತ್ತಲಿಲ್ಲ.

"ನೀವು ಮಕ್ಕಳಿಗೆ ಚಿತ್ರ ಬರ್ದು ತೋರಿಸ್ತೀರಂತೆ," ಎಂದಳು. "ನನಗೂ ಒಮ್ಮೆ ಬರ್ದು ತೋರಿಸಿ. ಎಲ್ಲಿ ಎಂತ ಉಂಟು, ಅವಳಿಗೆ ಎಂತ ಇಲ್ಲ. ನಾನು ಮೂರು ಹೆತ್ತವಳು, ಒಂದು ಉಳಿಯಲಿಲ್ಲ. ನನ್ನ ಹೊಟ್ಟೆಯಲ್ಲಿ ಎಂತ ಉಂಟೂಂತ ನನಗೆ ಗೊತ್ತಿಲ್ಲ."

ಟೀಚರು ಹಳೆಯ ರೆಕಾರ್ಡಿನ ಖಾಲಿ ಹಾಳೆಯೊಂದನ್ನು ತಂದು, ಪೆನ್ಸಿಲಿನಿಂದ ಬಿಡಿಸಿದರು. ಪ್ರೇಮಾವತಿ ಹತ್ತಿರ ಸರಿದು ಹಾಳೆಯ ಮೇಲೆ ಬಾಗಿದಳು. ಕಣ್ಣು ಎತ್ತಲಿಲ್ಲ. ಇದು ಗರ್ಭಕೋಶ ಎಂದಾಗ, ಎಷ್ಟು ದೊಡ್ಡದು ಎಂದಳು. ಸಣ್ಣ ಮುಷ್ಟಿಯಷ್ಟು ಎಂದರು. ಪ್ರೇಮಾವತಿ ತನ್ನ ಮುಷ್ಟಿ ಹಿಡಿದು ಅದನ್ನು ನೋಡಿದಳು, ಬೆರಳು ಬಿಡಿಸಿದಳು, ಮತ್ತೆ ಹಿಡಿದಳು. ತನಗೆ ಮಕ್ಕಳಾಗದ ಹಾಗೆ ಕಟ್ಟಿದ್ದಾರಲ್ಲ, ಅದೆಲ್ಲಿ ಎಂದು ಕೇಳಿದಳು. ಟೀಚರು ನಾಳಗಳ ಮೇಲೆ ಎರಡು ಸಣ್ಣ ಗೆರೆ ಎಳೆದು ತೋರಿಸಿದರು. ಇಷ್ಟು ಬದಿಯಲ್ಲಾ ಎಂದಳು, ತಾನು ಗರ್ಭಕೋಶದ ಬಾಯಿಗೇ ಕಟ್ಟುವುದೆಂದು ತಿಳಿದಿದ್ದೆ ಎಂದಳು. ಅಂಡಾಶಯ ತಿಂಗಳಿಗೊಂದು ಮೊಟ್ಟೆ ಬಿಡುತ್ತದೆ ಎಂದಾಗ, ಮೋಕ್ಷಿತಾಳದ್ದೂ ಬಿಡುತ್ತದಾ ಎಂದಳು. ಬಿಡುತ್ತದೆ ಎಂದರು. ಅದೆಲ್ಲಿಗೆ ಹೋಗುತ್ತದೆ ಎಂದಳು. ಮೈಯೊಳಗೇ ಕರಗಿಹೋಗುತ್ತದೆ ಎಂದರು.

"ಮೈ ಎಲ್ಲ ಸರಿಯಾಗಿಯೇ ತುಂಬಿಕೊಂಡಿತಲ್ಲ ಟೀಚರೇ. ಹಾಗಾಗಿ ನನಗೆ ಸಂಶಯವೇ ಬರ್ಲಿಲ್ಲ. ಅದು ಹೇಗೆ ಮತ್ತೆ?"

ಟೀಚರು ಹಾಳೆಯ ಮೇಲ್ಗಡೆ ಒಂದು ತಲೆ ಬಿಡಿಸಿ, ಅದರ ಬುಡದಲ್ಲಿ ಒಂದು ಚುಕ್ಕೆ ಇಟ್ಟರು. ಕಡಲೆಯಷ್ಟೇ ಇರುವ ಒಂದು ಗ್ರಂಥಿ ಅಲ್ಲಿದೆ ಎಂದರು. ಹೊತ್ತು ಬಂದಾಗ ಅದು ರಕ್ತದಲ್ಲಿ ಒಂದು ರಸ ಕಳಿಸುತ್ತದೆ. ಅದು ಸಿಕ್ಕಿದ ಅಂಡಾಶಯ ತಾನೂ ಒಂದು ರಸ ಬಿಡುತ್ತದೆ, ಮೈ ತುಂಬುವುದು ಅದರಿಂದ. ಇವಳಲ್ಲಿ ಆ ಗ್ರಂಥಿಯೂ ಸರಿ, ಅಂಡಾಶಯವೂ ಸರಿ. ಆ ರಸ ಗರ್ಭಕೋಶಕ್ಕೂ ಹೋಗಬೇಕು. ಹೋಗಿ ಸೇರಲು ಅಲ್ಲಿ ಅದು ಇಲ್ಲ, ಅಷ್ಟೇ.

ಹೀಗಾಗುವುದು ಯಾವಾಗ ಎಂದು ಪ್ರೇಮಾವತಿ ಕೇಳಿದಳು. ಮಗು ಹೊಟ್ಟೆಯಲ್ಲಿ ಎರಡು ಮೂರು ತಿಂಗಳಿರುವಾಗ ಎಂದರು ಟೀಚರು. ಎರಡು ಬದಿಯಿಂದ ಎರಡು ಕೊಳವೆ ಇಳಿದು ಬಂದು ನಡುವಿನಲ್ಲಿ ಒಂದಕ್ಕೊಂದು ಕೂಡಿ ಗರ್ಭಕೋಶವಾಗುತ್ತದೆ, ಇವಳಲ್ಲಿ ಅವು ಬೆಳೆಯಲಿಲ್ಲ. ಆ ಎರಡು ಮೂರು ತಿಂಗಳಲ್ಲಿ ತಾನು ಏನೇನು ಮಾಡಿದೆನೆಂದು ಪ್ರೇಮಾವತಿ ಹೇಳತೊಡಗಿದಳು. ಗುಡ್ಡೆಯಿಂದ ಸೊಪ್ಪು ಹೊತ್ತದ್ದು. ಒಮ್ಮೆ ಜಾರಿ ಬಿದ್ದದ್ದು. ಜ್ವರಕ್ಕೆ ಯಾರೋ ಕೊಟ್ಟ ಮಾತ್ರೆ ನುಂಗಿದ್ದು. ತುಂಬ ಹೊತ್ತು ಹೇಳಿದಳು. ಮುಗಿದ ಮೇಲೆ ಟೀಚರು, ಇದ್ಯಾವುದರಿಂದಲೂ ಅಲ್ಲ ಎಂದರು. ನಿಮಗೆ ಹೇಗೆ ಗೊತ್ತು ಎಂದಳು. ಸೊಪ್ಪು ಹೊತ್ತದ್ದರಿಂದ, ಬಿದ್ದದ್ದರಿಂದ ಹೀಗಾಗುವುದಿಲ್ಲ, ಅಷ್ಟು ನನಗೆ ಗೊತ್ತು, ಉಳಿದದ್ದು ಯಾರಿಗೂ ಪೂರ್ತಿ ಗೊತ್ತಿಲ್ಲ ಎಂದರು ಟೀಚರು. ಆ ಉತ್ತರ ಹೇಗೋ ಅವಳಿಗೆ ಸಾಕಾಯಿತು.

ಹೊರಡುವಾಗ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಳು. ಮಗಳ ಅಪ್ಪನಿಗೆ ತೋರಿಸಬೇಕು, ಬಾಯಲ್ಲಿ ಹೇಳಲು ತನಗೆ ಆಗುವುದಿಲ್ಲ ಎಂದಳು. ಅವಳು ಹೋದ ಮೇಲೆ ಟೀಚರು ಖಾಲಿ ಲೋಟ ಎತ್ತಲೂ ಏಳದೆ ಜಗಲಿಯಲ್ಲೇ ಕೂತಿದ್ದರು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಚಿತ್ರದ ಬಗ್ಗೆ ಇಷ್ಟು ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಸಂತೋಷಪಡುವಷ್ಟು ತ್ರಾಣ ಅವರಲ್ಲಿರಲಿಲ್ಲ.

ಬೋಜ ಹಾಳೆಯನ್ನು ನೋಡಿದ, ಮಡಚಿ ಹಿಂದೆ ಕೊಟ್ಟ. ಹತ್ತು ದಿನ ಮನೆಯಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ಬೀಡಿ ಎಲೆಯ ಮೂಟೆಗಳನ್ನು ಕೋಣೆಯಿಂದ ಎತ್ತಿ ಜಗಲಿಯಲ್ಲಿ ಪೇರಿಸಿಟ್ಟು, ಆ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ಇನ್ನು ಇಲ್ಲಿ ಯಾರೂ ಮಲಗುವುದು ಬೇಡ ಎಂದನಂತೆ. ಇದನ್ನು ಟೀಚರಿಗೆ ಹೇಳಿದ್ದು ಮೋಕ್ಷಿತಾ. ಯಾರೂ ಎಂದರೆ ಅಮ್ಮನೂ ಸೇರಿ, ಅಮ್ಮ ಈಗ ಆ ದಿನಗಳಲ್ಲೂ ಒಳಗೇ ಮಲಗುತ್ತಾಳೆ ಎಂದಳು.

ಮಾಮಿಗೆ ತಿಳಿಸಿದ್ದು ಪ್ರೇಮಾವತಿಯೇ. ಮಗ ವಿಜೇತನಿಗೆ ತರುವ ಆಸೆಯಲ್ಲಿ ಅವರು ಕಾಯುವುದು ಬೇಡವೆಂದು ಮಾಮಿಯ ಅಂಗಳಕ್ಕೆ ಹೋಗಿ ನಿಂತು ಹೇಳಿ ಬಂದಳು. ಮಾಮಿ ಇವಳ ಕೈ ಹಿಡಿದು ಅತ್ತಳು, ಯಾರಲ್ಲೂ ಹೇಳುವುದಿಲ್ಲ ಎಂದಳು. ಒಂದು ವಾರದಲ್ಲಿ ಊರಿಗೆಲ್ಲ ಗೊತ್ತಾಯಿತು. ಕುಡುಂಬಶ್ರೀ ಸ್ವಸಹಾಯ ಸಂಘದ ಸಭೆಯಲ್ಲಿ ಹೆಂಗಸರು ಪ್ರೇಮಾವತಿಗೆ ಜಾಗ ಬಿಟ್ಟು ಕೂತರು, ಚಹಾ ಮೊದಲು ಅವಳಿಗೇ ಕೊಟ್ಟರು. ತರಗತಿಯಲ್ಲಿ ಹುಡುಗಿಯರು ಮೋಕ್ಷಿತಾಳ ಎದುರು ತಮ್ಮ ಹೊಟ್ಟೆನೋವಿನ ಮಾತು ನಿಲ್ಲಿಸಿದರು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಮೊದಲು ಸುಳ್ಳು ಹೇಳಿ ಬಚ್ಚುತ್ತಿತ್ತು, ಈಗ ಎಲ್ಲರ ಪಾಪ ಪಾಪ ಕೇಳಿ ಬಚ್ಚುತ್ತದೆ ಎಂದು ಅವಳು ಒಮ್ಮೆ ಟೀಚರಲ್ಲಿ ಹೇಳಿದಳು. ಟೀಚರು, ಆಟದ ಪೀರಿಯಡ್ಡಿಗೆ ಹೋಗು ಎಂದರು. ಅವಳು ಹೋದಳು. ಶಟಲ್ ಆಡಲು ಬರುತ್ತಿರಲಿಲ್ಲ, ಕಲಿತಳು.

ಮಾರ್ಚಿನಲ್ಲಿ ಪರೀಕ್ಷೆ ಆಯಿತು. ಪ್ರಾಣಿಶಾಸ್ತ್ರದಲ್ಲಿ ಬಿ ಪ್ಲಸ್ ಬಂತು. ನರ್ಸಿಂಗಿಗೆ ಸೀಟು ಸಿಗಲಿಲ್ಲ. ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿ ಹಾಸ್ಟೆಲಿಗೆ ಹೋದಳು ಎಂದು ಟೀಚರಿಗೆ ಯಾರೋ ಹೇಳಿದರು. ಜೂನ್ ಬಂತು, ಹೊಸ ಮಕ್ಕಳು ಬಂದರು. ಟೀಚರ ಮಂಡಿನೋವು ಹೆಚ್ಚಾಗಿತ್ತು.

ಆಗಸ್ಟಿನ ಒಂದು ಸಂಜೆ ಶಾಲೆ ಬಿಟ್ಟು ಬಸ್ಸು ಹತ್ತಿದಾಗ ಕಿಟಕಿಯ ಬದಿಯಲ್ಲಿ ಪ್ರೇಮಾವತಿ ಕೂತಿದ್ದಳು. ಬೀಡಿ ಕೊಟ್ಟು ಎಲೆ ತರುವ ದಿನ. ಕಾಲಡಿಯ ಚೀಲವನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟಳು. ಮಗಳ ವಿಷಯ ಕೇಳದಿದ್ದರೂ ಅವಳೇ ಹೇಳಿದಳು. ಹಾಸ್ಟೆಲಿನ ಊಟ ಹಿಡಿಸುವುದಿಲ್ಲವಂತೆ, ಎರಡು ಕಿಲೋ ಇಳಿದಿದ್ದಾಳೆ. ರಕ್ತ ತೆಗೆಯಲು ಕಲಿತಿದ್ದಾಳೆ, ಊರಿಗೆ ಬಂದಾಗ ಅಮ್ಮನ ಕೈಯಿಂದಲೇ ತೆಗೆದು ನೋಡಿದಳು, ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ಒಬ್ಬ ಹುಡುಗ ಫೋನು ಮಾಡುತ್ತಾನೆ ಅಂತ ಕಾಣುತ್ತದೆ.

"ಅವನಲ್ಲಿ ಹೇಳಿದ್ದೀಯಾಂತ ಕೇಳಿದೆ ಟೀಚರೇ. ಹೇಳಿದ್ದಾಳಂತೆ."

"ಅವನು ಎಂತ ಹೇಳಿದನಂತೆ?"

"ಆಲೋಚನೆ ಮಾಡ್ತೇನೆ ಅಂತ ಹೇಳಿದನಂತೆ. ಮಾಡ್ಲಿ. ಇವಳಿಗೂ ಅವಸರ ಇಲ್ಲ. ರಾತ್ರಿ ಸರಿ ನಿದ್ದೆ ಬರ್ತದೆ ಅಮ್ಮ, ಅಷ್ಟು ಸಾಕು ಅಂತ ಹೇಳಿದಳು."

ಟೀಚರು ಹೂಂ ಎಂದರು. ಇನ್ನೂ ಏನೋ ಹೇಳಬೇಕೆಂದಿದ್ದರು, ಆದರೆ ಬಸ್ಸು ತಿರುವಿನಲ್ಲಿ ತೂಗುತ್ತಿತ್ತು, ಕಣ್ಣು ತಾನಾಗಿ ಮುಚ್ಚಿತು. ತಲೆ ಒಂದು ಕಡೆ ವಾಲಿತು. ಪ್ರೇಮಾವತಿ ಮಾತು ನಿಲ್ಲಿಸಿದಳು. ತಾನು ಇಳಿಯಬೇಕಾದ ಜಾಗ ಬಂದರೂ ಇಳಿಯದೆ, ಚೀಲವನ್ನು ಕಾಲಿನಿಂದ ಒತ್ತಿ ಹಿಡಿದುಕೊಂಡು, ಟೀಚರ ತಲೆಗೆ ಭುಜ ಕೊಟ್ಟು ಕೂತಳು. ಎರಡು ಸ್ಟಾಪು ಮುಂದೆ ಹೋದ ಮೇಲೆ ಮೆಲ್ಲಗೆ ತಟ್ಟಿ ಎಬ್ಬಿಸಿದಳು.

"ಟೀಚರೇ, ಏಳಿ. ನಿಮ್ಮ ಮನೆ ಬಂತು."